ಲೆಂಪಿ ಬಾರದ ಹತ್ತೊಂಬತ್ತು ದಿನ

"ಬಾಯಿ ತೆರಿ," ಎಂದಳು ಲೆಂಪಿ.

"ನಂದೋ, ಮೀನಿಂದೋ?" ಎಂದ ಆರ್ವೊ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಇನ್ನೂರು ಜನ ನಿಂತು ನೋಡುತ್ತಿದ್ದರು. ಮಿಶಿಗನ್ನಿನ ಉತ್ತರದ ತುದಿಯ ಆ ಊರಲ್ಲಿ ಫೆಬ್ರವರಿಯ ಮೀನು ಪಂದ್ಯವೆಂದರೆ ಪಾದ್ರಿಗಳೂ ಪ್ರವಚನ ಅರ್ಧಕ್ಕೆ ನಿಲ್ಲಿಸಿ ಬರುತ್ತಿದ್ದರು. ಹೆಚ್ಚು ತೂಕದ ಮೀನು ಹಿಡಿದವನೇ ಗೆದ್ದಂತೆ; ತಕ್ಕಡಿ ಲೆಂಪಿಯ ಕೈಯಲ್ಲಿತ್ತು. ಅವಳಿಗಾಗ ಇಪ್ಪತ್ತು ವರ್ಷ. ಕರುಣೆ ಇನ್ನೂ ಬಂದಿರಲಿಲ್ಲ.

ಮೀನನ್ನು ತಲೆಕೆಳಗು ಮಾಡಿ ಕೊಡವಿದಳು.

ಟಣ್... ಟಣ್... ಟಣ್! ಮೂರು ಸೀಸದ ಗುಂಡುಗಳು ತಟ್ಟೆಗೆ ಬಿದ್ದವು.

"ಏನಿದು?"

"ಅದು ಕಂಡಿದ್ದೆಲ್ಲ ತಿಂದ್ರೆ ನಾನೇನ್ ಮಾಡ್ಲಿ?"

ಜನ ಹೋ ಎಂದು ನಕ್ಕರು. ಆರ್ವೊ ಊರಿಗೇ ದೊಡ್ಡ ಸುಳ್ಳ. ಅವನು ಬೆಳಗಾಯಿತು ಎಂದರೂ ಜನ ಕಿಟಕಿ ತೆರೆದು ನೋಡಿಕೊಳ್ಳುತ್ತಿದ್ದರು.

"ನಾಚಿಕೆ ಆಗಲ್ವೇನಯ್ಯಾ? ಸಿಕ್ಕಿಬಿದ್ಮೇಲೆ ಇನ್ನೇನ್ ಕಥೆ ಕಟ್ತೀಯ? ಕ್ಯಾನ್ಸರ್ ಇದೆ ಅಂತೀಯಾ?"

"ಇದೆ," ಎಂದ ಅವನು.

ಲೆಂಪಿಗೆ ಮೈಯೆಲ್ಲ ಉರಿದುಹೋಯಿತು. ಛೀ! ಇಂಥದ್ದರಲ್ಲೂ ಸುಳ್ಳೇ?

ಫಟಾರ್!

ಏಟಿಗೆ, ಕಣ್ಣಿನವರೆಗೆ ಎಳೆದುಕೊಂಡಿದ್ದ ಅವನ ಉಣ್ಣೆ ಟೋಪಿ ಹಾರಿ ಬಿತ್ತು. ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಹುಬ್ಬೂ ಇರಲಿಲ್ಲ.

'ಅಯ್ಯೋ ದೇವರೇ... ಏನು ಮಾಡಿಬಿಟ್ಟೆ ನಾನು!'

ಅವನು ಟೋಪಿ ಎತ್ತಿ ಮಂಜು ಕೊಡವಿದ.

"ಆರು ತಿಂಗಳಿಂದ ಮನೇಲೂ ಆಸ್ಪತ್ರೇಲೂ ಎಲ್ರೂ ನನ್ನ ಮೊಟ್ಟೆ ಹಿಡಿದ ಹಾಗೆ ಹಿಡೀತಿದ್ದಾರೆ. ಮನುಷ್ಯ ಅಂತ ಹೊಡೆದವಳು ನೀನೊಬ್ಳೇ. ನಾಳೆ ಕಾಫಿಗೆ ಬರ್ತೀಯಾ?"

ಹೋದಳು. ಆರು ವರ್ಷ ಹೋಗುತ್ತಲೇ ಇದ್ದಳು.

ನಾಲ್ಕು ಗಂಟೆ ದೂರದ ಆಸ್ಪತ್ರೆಗೆ ಅವಳೇ ಗಾಡಿ ಓಡಿಸಿದಳು. ಅವನು ವಾಂತಿ ಮಾಡುವಾಗ ತಲೆ ಹಿಡಿದಳು. ಮೊಣಕಾಲಿನ ಮೂಳೆ ತೆಗೆದು ಲೋಹ ಕೂರಿಸಿದ ದಿನ, ಅರೆ ಎಚ್ಚರದಲ್ಲೇ ಅವನು ಹೇಳಿದ್ದು ಒಂದೇ ಮಾತು: "ಇನ್ಮೇಲೆ ನನ್ನನ್ನ ತಕ್ಕಡೀಲಿ ಇಡ್ಬೇಡ ಕಣೇ, ಪಂದ್ಯದಿಂದ ತೆಗೆದುಹಾಕ್ತೀಯ."

ಲೆಂಪಿ ನಕ್ಕಳು. ಆಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತಳು.

ಕಳೆದ ಅಕ್ಟೋಬರಿನಲ್ಲಿ ಅವನೊಬ್ಬನೇ ಆಸ್ಪತ್ರೆಗೆ ಹೋಗಿ, ಕುಣಿಯುತ್ತಾ ಬಂದ. ಲೋಹದ ಮೊಣಕಾಲಲ್ಲಿ ಎಷ್ಟು ಕುಣಿಯಬಹುದೋ ಅಷ್ಟು.

"ಎಲ್ಲಾ ಹೋಯ್ತಂತೆ! ಚೂರೂ ಇಲ್ವಂತೆ!"

ಮೇ ತಿಂಗಳಿಗೆ ಮದುವೆ ಗೊತ್ತಾಯಿತು. ಲೆಂಪಿ ಊರನ್ನೆಲ್ಲ ಕರೆದಳು.

ಡಿಸೆಂಬರಿನಲ್ಲಿ ಗಾಡಿಯ ಸೀಟಿನ ಕೆಳಗೆ ಆಸ್ಪತ್ರೆಯ ಕಾಗದ ಸಿಕ್ಕಿತು. ತಾರೀಖು ಅಕ್ಟೋಬರಿನದೇ. ಶ್ವಾಸಕೋಶಕ್ಕೆ ಹರಡಿದೆ... ಇನ್ನು ಔಷಧಿಯಿಲ್ಲ.

"ಊರಿಗೆಲ್ಲಾ ಸುಳ್ಳು ಹೇಳು. ನನಗೂನಾ ಆರ್ವೊ?"

"ಎರಡು ತಿಂಗಳು ಖುಷಿಯಾಗಿದ್ಯಲ್ಲೇ..."

"ಅಳೋದಕ್ಕೆ ಸಿಕ್ಕಬೇಕಿದ್ದ ಎರಡು ತಿಂಗಳು ಕದ್ಯಲ್ಲೋ!"

ಬಾಗಿಲು ಬಡಿದು ಹೋದವಳು ಹತ್ತೊಂಬತ್ತು ದಿನ ಬರಲಿಲ್ಲ. ದಿನವೂ ಅವನ ಬೀದಿಯ ತಿರುವಿನವರೆಗೆ ಬಂದು, ಎಂಜಿನ್ ನಿಲ್ಲಿಸದೆ ಕೂತು, ಹಿಂದಿರುಗುತ್ತಿದ್ದಳು. ಹಟಕ್ಕೆ ಅವಳ ಮನೆತನವೇ ಹೆಸರಾಗಿತ್ತು.

ಇಪ್ಪತ್ತನೆಯ ದಿನ ಒಳಗೆ ಬಂದಾಗ ಅವನು ಹಾಸಿಗೆ ಹಿಡಿದಿದ್ದ.

"ಬಂದ್ಯಾ?"

"ಬಂದೆ."

"ಸರಿ, ಇಸ್ಪೀಟು ಹಂಚು."

ಅವಳು ಹಂಚಿದಳು. ಹನ್ನೊಂದು ದಿನಗಳ ನಂತರ, ಒಂದು ಭಾನುವಾರ ಬೆಳಗ್ಗೆ, ಅವನ ತಾಯಿ ಹೆಲ್ವಿ ಒಂದು ಕೈ, ಲೆಂಪಿ ಒಂದು ಕೈ ಹಿಡಿದಿರುವಾಗ ಆರ್ವೊ ಉಸಿರು ನಿಲ್ಲಿಸಿದ. ಇಪ್ಪತ್ತೇಳು ವರ್ಷ.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದರು. ಕಾಫಿ, ಏಲಕ್ಕಿ ಬ್ರೆಡ್ಡು. ಆ ಕೆರೆಯಂಚಿನವರ ಪದ್ಧತಿ ಇದು: ಮೀನು ಹಿಡಿಯುವವನು ಸತ್ತರೆ, ಬಂದವರೆಲ್ಲ ಅವನ ಬಗ್ಗೆ ಒಂದೊಂದು ಸುಳ್ಳು ಹೇಳಬೇಕು. ನಿಜ ಹೇಳಲು ಪಾದ್ರಿಗಳಿದ್ದಾರಲ್ಲ.

ಮುದುಕ ತೋಯ್ಮಿ ಎದ್ದ. "ನಮ್ಮ ಆರ್ವೊ ಒಂದ್ಸಲ ಗಾಳ ಎಸೆದಾಗ ಕೆನಡಾದವನೊಬ್ಬ ಸಿಕ್ಕಿಬಿದ್ದಿದ್ದ. ಪಾಪ ಚಿಕ್ಕದು ಅಂತ ವಾಪಸ್ ಬಿಟ್ಬಿಟ್ಟ."

ನಕ್ಕರು. ಮೂಗೊರೆಸಿಕೊಂಡರು. ಸರದಿ ಲೆಂಪಿಗೆ ಬಂತು.

ಎದುರಿಗೆ ಹೆಲ್ವಿ ಕೂತಿದ್ದಳು. ಆ ಹತ್ತೊಂಬತ್ತು ದಿನದ ಬಗ್ಗೆ ಅವಳು ಇವತ್ತಿನವರೆಗೆ ಒಂದು ಮಾತೂ ಎತ್ತಿರಲಿಲ್ಲ. 'ನಿಜ ತಿಳಿದರೆ ಈ ತಾಯಿ ಇನ್ನು ನನ್ನ ಮುಖ ನೋಡುತ್ತಾಳಾ? ತಿಳಿಸದೆ ನಾನಾದರೂ ಬದುಕುತ್ತೀನಾ?'

"ನನಗೆ ಸುಳ್ಳು ಬರಲ್ಲ..." ಎಂದಳು ಲೆಂಪಿ. "ಕೋಪ ಮಾಡ್ಕೊಂಡು ಹತ್ತೊಂಬತ್ತು ದಿನ ಅವನನ್ನ ಬಿಟ್ಟು ಹೋಗಿದ್ದೆ. ಅವನ ಹತ್ರ ಉಳಿದಿದ್ದೇ ಮೂವತ್ತು ದಿನ."

ನಗಲು ಬಾಯಿ ತೆರೆದಿದ್ದ ತೋಯ್ಮಿ ಬಾಯಿ ಮುಚ್ಚಿದ.

ಹೆಲ್ವಿ ನಿಧಾನವಾಗಿ ಎದ್ದು ಬಂದು, ಅವಳ ಪಕ್ಕ ಕೂತಳು.

"ಬಿಟ್ಟು ಎಲ್ಲೋಗಿದ್ದೆ? ನೀನು ತಂಗಿ ಬಾಣಂತನಕ್ಕೆ ಹೋಗಿದ್ದೆ. ಅವಳಿ ಮಕ್ಕಳು."

"ಆಂಟಿ... ನನಗೆ ತಂಗೀನೇ ಇಲ್ಲ."

"ನಿಮ್ಮಮ್ಮನ ಜೊತೆ ಓದಿದವಳು ನಾನು. ಗೊತ್ತಿಲ್ವಾ ನಂಗೆ? ಅವನು ಹಾಗಂದ. ದಿನಕ್ಕೊಂದು ಸುದ್ದಿ! ಒಂದು ಮಗೂಗೆ ಶೀತ ಅಂತೆ, ಇನ್ನೊಂದು ಹಾಲೇ ಕುಡೀತಿಲ್ವಂತೆ... ನಾನು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಬಾರದು ಅಂತ."

"ನೀವೇನಂದ್ರಿ?"

"ಏನಂತೀನಿ? ಎರಡು ಜೊತೆ ಪುಟ್ಟ ಕಾಲುಚೀಲ ಹೆಣೆದೆ. ಸುಮ್ನೆ ಕೂತಿದ್ರೆ ಅಮ್ಮ ನಂಬಿಲ್ಲ ಅಂತ ನೊಂದ್ಕೊಳ್ತಿದ್ದ."

ಲೆಂಪಿಗೆ ನಗು ಬಂತು, ಅಳು ಬಂತು, ಯಾವುದು ಮೊದಲೆಂದು ತಿಳಿಯಲಿಲ್ಲ.

"ಎಲ್ಲಿವೆ ಅವು?"

"ಅವನ ಕೋಟಿನ ಜೇಬಲ್ಲಿಟ್ಟು ಕಳಿಸ್ದೆ. ಮೇಲೆ ದೇವ್ರು ನಿನ್ನ ವಿಷಯ ಕೇಳಿದ್ರೆ ಇದೇ ಕಥೆ ಹೇಳ್ತಾನೆ. ಸಾಕ್ಷಿ ಬೇಡ್ವಾ?"

"ಅವನಿಗೆ ನನ್ನ ಮೇಲೆ ಕೋಪ ಇರ್ಲಿಲ್ವಾ... ಅಮ್ಮಾ?"

ಹೆಲ್ವಿ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಹುಚ್ಚು ಮಗಳೇ... ಕೋಪ ಇದ್ದಿದ್ರೆ ಒಂದೇ ಮಗು ಅಂತಿದ್ದ. ನಿನಗೆ ಇನ್ನಷ್ಟು ದಿನ ಬೇಕಾಗ್ಬಹುದು ಅಂತಾನೇ ಎರಡು ಮಾಡ್ದ."