ಮೂರು ಬೆರಳಿನ ಗಾಡಿ

ಸೋಮವಾರ ಬೆಳಗ್ಗೆ ಎಂಟೂವರೆಗೆ ತಕ್ಕಡಿ ಕಾರ್ಖಾನೆಯ ಉಗ್ರಾಣದ ಬೀಗ ತೆಗೆದರು. ಒಳಗಿನ ಬೀರು ಬಾಯಿ ಬಿಟ್ಟುಕೊಂಡು ನಿಂತಿತ್ತು. ಅದರ ಹಲಗೆಗಳ ಮೇಲೆ ಹತ್ತು ದುಂಡನೆಯ ಗುರುತು. ಆ ಗುರುತುಗಳ ಮೇಲೆ ಕೂತಿರಬೇಕಾದ ಹತ್ತು ಹಿತ್ತಾಳೆಯ ತೂಕದ ಬಟ್ಟುಗಳು ಮಾಯ. ಒಂದೊಂದೂ ಇಪ್ಪತ್ತು ಕಿಲೋ, ಒಟ್ಟು ಇನ್ನೂರು. ಅವುಗಳಿಗೆ ಹೋಲಿಸಿಯೇ ಅಲ್ಲಿನ ಪ್ರತಿ ತಕ್ಕಡಿಗೂ ಮುದ್ರೆ ಬೀಳುತ್ತಿತ್ತು.

ಒಂಬತ್ತಕ್ಕೆ ನಾವು ಅಲ್ಲಿದ್ದೆವು. ನಾವು ಎಂದರೆ ನಮ್ಮ ಇನ್ಸ್‌ಪೆಕ್ಟರಮ್ಮ ಮತ್ತು ಅವರ ಹೆಡ್ ಕಾನ್‌ಸ್ಟೇಬಲ್ ಆದ ನಾನು. ಯೋಚಿಸುವುದು ಅವರ ಕೆಲಸ, ಬರೆದುಕೊಳ್ಳುವುದು ನನ್ನದು.

"ಪತ್ತೆ ಮಾಡೋಕೆ ಏನೂ ಉಳಿದಿಲ್ಲ ಮೇಡಂ," ಎಂದರು ಯಜಮಾನರು. "ಕಳ್ಳ ಸಿಕ್ಕಿದಾನೆ. ಕರ್ಕೊಂಡು ಹೋಗಿ, ಅಷ್ಟೇ."

ಕಳ್ಳ ಎನ್ನಿಸಿಕೊಂಡವರು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ತಕ್ಕಡಿ ಮೇಸ್ತ್ರಿ. ಇಪ್ಪತ್ತೊಂಬತ್ತು ವರ್ಷದಿಂದ ತಕ್ಕಡಿಗಳಿಗೆ ಮುದ್ರೆ ಹೊಡೆದ ಕೈ. ಆ ಮುದ್ರೆಯ ಉಕ್ಕಿನ ಅಚ್ಚು ಈಗ ಯಜಮಾನರ ಮೇಜಿನ ಮೇಲಿತ್ತು.

"ಬೆಳಗ್ಗೆನೇ ಕಿತ್ಕೊಂಡ್ರು," ಎಂದರು ಮೇಸ್ತ್ರಿ. "ಕೆಲಸ ಹೋದ್ರೆ ಹೋಗ್ಲಿ ತಾಯಿ. ನಾನು ಮುದ್ರೆ ಹಾಕಿರೋ ತಕ್ಕಡಿ ಊರ ತುಂಬ ಇವೆ. ಕಳ್ಳನ ಮುದ್ರೆ ಅಂದ್ರೆ ಇನ್ಮೇಲೆ ಅವನ್ನ ಯಾರು ನಂಬ್ತಾರೆ?"

ಇನ್ಸ್‌ಪೆಕ್ಟರಮ್ಮ ಅಚ್ಚನ್ನೇ ಒಂದು ಕ್ಷಣ ನೋಡಿದರು.

* * *

ಬೀರುವಿನ ಕೀಲಿ ಇದ್ದದ್ದು ಇಬ್ಬರ ಬಳಿ. ಒಬ್ಬರು ಮೇಸ್ತ್ರಿ. ಇನ್ನೊಬ್ಬರು ಉಗ್ರಾಣದ ಮ್ಯಾನೇಜರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಕೆಲಸಗಾರರು ಬೆನ್ನ ಹಿಂದೆ ಅವರನ್ನು ಬೆಣ್ಣೆ ಸಾಹೇಬರು ಎನ್ನುತ್ತಿದ್ದರು.

ಶನಿವಾರ ಮಧ್ಯಾಹ್ನ ಬಟ್ಟುಗಳು ಬೀರುವಿನಲ್ಲೇ ಇದ್ದವು, ಭಾನುವಾರ ಕಾರ್ಖಾನೆಗೆ ರಜೆ. ಶನಿವಾರ ಸಂಜೆ ಗೇಟು ದಾಟಿದ ಗಾಡಿಗಳೂ ಎರಡೇ, ಈ ಇಬ್ಬರವು. ಎರಡೂ ಹದಿನೇಳು ವರ್ಷದ ಎಸ್‌ಯುವಿಗಳು. ಒಂದೇ ಕಂಪನಿ, ಒಂದೇ ಬಣ್ಣ.

"ಮೇಸ್ತ್ರಿ ಗಾಡಿಯ ಹಿಂಭಾಗ ನೆಲ ನೆಕ್ಕೋ ಹಾಗಿತ್ತು ಮೇಡಂ," ಎಂದರು ಬೆಣ್ಣೆ ಸಾಹೇಬರು. "ನನಗೆ ಹೇಳೋಕೆ ಸಂಕಟ. ಆದ್ರೆ ಕಣ್ಣಾರೆ ಕಂಡಿದ್ದನ್ನ ಹೇಗೆ ಮುಚ್ಚಿಡ್ಲಿ?"

"ನಿಮ್ಮ ಗಾಡಿಯಲ್ಲಿ ಏನಿತ್ತು?"

"ನನ್ನ ಊಟದ ಡಬ್ಬಿ. ಅದೂ ಖಾಲಿ."

ನಾನು ಅಂಗಳಕ್ಕೆ ಓಡಿ ಮೇಸ್ತ್ರಿಯ ಗಾಡಿಯೊಳಗೆ ತಲೆ ಹಾಕಿದೆ. ಸೀಟಿನ ಮೇಲೆ ಹಳದಿ ಪುಡಿ ಮಿನುಗಿತು.

"ಸಿಕ್ತು ಮೇಡಂ! ಹಿತ್ತಾಳೆ ಪುಡಿ!"

"ಅದು ನಮ್ಮನೆಯವರ ಪ್ಯಾಂಟಿಂದು," ಎಂದಿತು ಹಿಂದಿನಿಂದ ಒಂದು ಧ್ವನಿ. ಮೇಸ್ತ್ರಿಯ ಹೆಂಡತಿ ಸುದ್ದಿ ಕೇಳಿ ಬಂದಿದ್ದರು, ಸೊಂಟದ ಮೇಲೆ ಕೈ. "ದಿನಾ ಹಿತ್ತಾಳೆ ಉಜ್ಜೋರ ಮೈಮೇಲೆ ಇನ್ನೇನು, ಅತ್ತರು ಇರುತ್ತಾ? ನನ್ನ ದಿಂಬಲ್ಲೂ ಆ ಪುಡಿ ಇದೆ. ಅದನ್ನೂ ಸ್ಟೇಷನ್‌ಗೆ ಹೊತ್ಕೊಂಡು ಹೋಗಿ."

ನಾನು ಪೆಚ್ಚುಮೋರೆ ಹಾಕಿಕೊಂಡು ಪುಸ್ತಕ ಮಡಿಚಿದೆ.

* * *

ಗೇಟಿನ ಕಾವಲುಗಾರನದು ಒಂದು ವಿಚಿತ್ರ ಲೆಕ್ಕ. ಹೊರಗೆ ಹೋಗುವ ಪ್ರತಿ ಗಾಡಿಯ ಹಿಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ಅಡ್ಡ ಇಟ್ಟು ಅಳೆಯುತ್ತಿದ್ದ.

"ಐದು ಬೆರಳಿಗಿಂತ ಕಮ್ಮಿ ಇದ್ರೆ ಒಳಗೆ ಭಾರ ಇದೆ ಅಂತ ಅರ್ಥ ಮೇಡಂ. ತಡೆದು ಬಾಗಿಲು ತೆಗೆಸಬೇಕು."

"ಶನಿವಾರ ಮೇಸ್ತ್ರಿ ಗಾಡಿ ಎಷ್ಟಿತ್ತು?"

ಅವನು ಪುಸ್ತಕ ತೆರೆದ. "ಮೂರು."

"ತೆಗೆಸಿದ್ಯಾ?"

"ಇಲ್ಲ ಮೇಡಂ. ಅದು ಯಾವಾಗ್ಲೂ ಮೂರೇ. ದಿನಾ ಅದೇ ಗಾಡಿ ತೆಗೆಸಿ ತೆಗೆಸಿ ನನಗೇ ನಾಚಿಕೆ ಆಗೋಗಿತ್ತು."

"ನೋಡಿದ್ರಾ!" ಎಂದರು ಯಜಮಾನರು. "ಆ ಸಲಿಗೆಯನ್ನೇ ಬಳಸ್ಕೊಂಡಿದಾನೆ."

"ಮ್ಯಾನೇಜರ್ ಗಾಡಿ?"

"ಏಳು ಬೆರಳು. ಸಲಾಂ ಹೊಡೆದು ಬಿಟ್ಟೆ."

"ಈ ಐದು ಬೆರಳಿನ ನಿಯಮ ಯಾರದು?"

"ಮ್ಯಾನೇಜರ್ ಸಾಹೇಬ್ರದೇ. ಹೋದ ತಿಂಗಳು ಮಾಡಿದ್ರು."

ಇನ್ಸ್‌ಪೆಕ್ಟರಮ್ಮ ಮುಗುಳ್ನಕ್ಕರು. ಅವರು ಹಾಗೆ ನಕ್ಕರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ನನಗೆ ಗೊತ್ತು.

* * *

"ಇನ್ನೂರು ಕಿಲೋ ಬೇಕು," ಎಂದರು ಅವರು. "ನಿಮ್ಮ ತೂಕ ಎಷ್ಟು ರೀ?"

"ಎಂಬತ್ತೈದು ಮೇಡಂ."

ಅದು ತಕ್ಕಡಿ ಕಾರ್ಖಾನೆ ಎನ್ನುವುದನ್ನು ಮರೆತು ಹೇಳಿದ್ದೆ. ತಕ್ಕಡಿಯ ಮೇಲೆ ನಿಲ್ಲಿಸಿಯೇ ಬಿಟ್ಟರು. ಮುಳ್ಳು ತೊಂಬತ್ತೆರಡಕ್ಕೆ ಹೋಗಿ ನಿಂತಿತು.

"ಈ ತಕ್ಕಡಿ ಸರಿಯಿಲ್ಲ," ಎಂದೆ.

ಯಜಮಾನರು ನೂರ ಎಂಟು. ಇಬ್ಬರೂ ಸೇರಿ ಸರಿಯಾಗಿ ಇನ್ನೂರು. ಇನ್ಸ್‌ಪೆಕ್ಟರಮ್ಮನಿಗೆ ಲಾಟರಿ ಹೊಡೆದಷ್ಟು ಸಂತೋಷ.

ಮೊದಲು ಮೇಸ್ತ್ರಿಯನ್ನು ಅವರ ಖಾಲಿ ಗಾಡಿಯ ಸ್ಟೇರಿಂಗ್ ಮುಂದೆ ಕೂರಿಸಿದರು. ಕಾವಲುಗಾರ ಅಳೆದ. ಮೂರು ಬೆರಳು. ಆಮೇಲೆ ಸಾಮಾನು ತುಂಬುವ ಜಾಗದಲ್ಲಿ ನಾನೂ ಯಜಮಾನರೂ ಮುದುರಿ ಕೂತೆವು. ಗಾಡಿ 'ಧೊಪ್' ಎಂದು ಕುಸಿಯಿತು. ಬೆರಳಿರಲಿ, ಉಗುರೂ ತೂರಲಿಲ್ಲ. ಗೇಟಿನ ಉಬ್ಬು ದಾಟುವಾಗ ಗಾಡಿಯ ಹೊಟ್ಟೆ ಕೆಳಗಿನ ಹೊಗೆ ಕೊಳವೆ ನೆಲಕ್ಕೆ ಕರ್ ಎಂದು ಉಜ್ಜಿತು. ಯಜಮಾನರ ತಲೆ ಚಾವಣಿಗೆ ಬಡಿಯಿತು.

"ಶನಿವಾರ ಈ ಶಬ್ದ ಬಂದಿತ್ತಾ?"

"ಇಲ್ಲ ಮೇಡಂ," ಎಂದ ಕಾವಲುಗಾರ.

"ಅಂದ್ರೆ ಶನಿವಾರ ಈ ಗಾಡಿ ಖಾಲಿ ಇತ್ತು. ಸ್ಪ್ರಿಂಗ್ ಅಂದ್ರೆ ಉಕ್ಕು. ವರ್ಷಗಟ್ಟಲೆ ಹೊತ್ತು ಹೊತ್ತು ಅದಕ್ಕೂ ಸುಸ್ತಾಗುತ್ತೆ. ಹೊರೆ ಇಳಿಸಿದ್ರೂ ಮೊದಲಿನ ಎತ್ತರಕ್ಕೆ ಏಳಲ್ಲ. ಮೇಸ್ತ್ರಿಗಳೇ, ಇದರಲ್ಲಿ ಏನೇನು ಹೊತ್ತಿದೀರಿ?"

"ನನ್ನ ಸಂಸಾರ, ತಂಗಿ ಸಂಸಾರ, ಭಾವನ ಸಂಸಾರ, ರಿಪೇರಿಗೆ ಬಂದ ತಕ್ಕಡಿಗಳು. ಹಿಂದೆ ಕೂರುತ್ತೆ ಅಂತ ಎರಡು ಸಲ ಶಾಕ್ ಅಬ್ಸಾರ್ಬರ್ ಬದಲಾಯಿಸ್ದೆ. ಏಳಲೇ ಇಲ್ಲ. ಶಾಕ್ ಆಗಿದ್ದು ನನಗೇ."

"ಏಳಲ್ಲ. ಶಾಕ್ ಇರೋದು ಕುಲುಕಾಟ ತಡೆಯೋಕೆ. ಭಾರ ಹೊರೋದು ಸ್ಪ್ರಿಂಗು."

ಆಮೇಲೆ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಕದ್ದವರ ಗಾಡಿ ಇಲ್ಲೇ ಇದೆ. ಅದರ ಹಿಂಭಾಗ ಇನ್ನೂ ಸಾಕ್ಷಿ ಹೇಳ್ತಾ ಇದೆ."

ನಾವೆಲ್ಲ ಮೇಸ್ತ್ರಿಯ ಗಾಡಿ ನೋಡಿದೆವು. ಒಬ್ಬರು ಮಾತ್ರ ತಮ್ಮ ಗಾಡಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

"ಬನ್ನಿ ಸಾಹೇಬ್ರೇ," ಎಂದರು ಇನ್ಸ್‌ಪೆಕ್ಟರಮ್ಮ. "ನೀವೂ ಸ್ಟೇರಿಂಗ್ ಮುಂದೆ ಕೂತ್ಕೊಳ್ಳಿ."

ಆ ಗಾಡಿ ಬಾಲ ಎತ್ತಿಕೊಂಡು ನಿಂತಿತ್ತು. ಕಾವಲುಗಾರ ಒಂದು ಕೈ ಇಟ್ಟ, ಎರಡನೆಯ ಕೈಯನ್ನೂ ಇಟ್ಟ. "ಹತ್ತು ಬೆರಳು ಮೇಡಂ!"

"ಶನಿವಾರ ಏಳು, ಇವತ್ತು ಹತ್ತು. ಮೂರು ಬೆರಳು ಎಲ್ಲಿಂದ ಬಂತು?"

"ಹೊಸ ಶಾಕ್ ಹಾಕಿಸ್ದೆ ಮೇಡಂ, ನಿನ್ನೆ," ಎಂದರು ಬೆಣ್ಣೆ ಸಾಹೇಬರು. "ಅದಕ್ಕೇ ಎದ್ದಿದೆ."

ಮೇಸ್ತ್ರಿ ಫಕ್ಕನೆ ನಕ್ಕುಬಿಟ್ಟರು. ಬೆಳಗ್ಗಿನಿಂದ ಅದೇ ಅವರ ಮೊದಲ ನಗು.

ಇನ್ಸ್‌ಪೆಕ್ಟರಮ್ಮ ಮಂಡಿಯೂರಿ ಗಾಡಿಯ ಕೆಳಗೆ ಟಾರ್ಚು ಬಿಟ್ಟರು. "ಶಾಕ್ ಹಳೇದೇ, ಎಣ್ಣೆ ಸೋರ್ತಿದೆ. ಸ್ಪ್ರಿಂಗ್ ಹೊಸದು. ಸರಕು ಸಾಗಿಸೋ ಗಾಡಿಗೆ ಹಾಕೋ ದಪ್ಪ ಸ್ಪ್ರಿಂಗು. ನಮ್ಮಪ್ಪ ಜೀವನ ಪೂರ್ತಿ ಲಾರಿಗೆ ಸ್ಪ್ರಿಂಗ್ ಕಟ್ಟಿದೋರು. ಊಟದ ಡಬ್ಬಿ ಹೊರೋಕೆ ಇಂಥದ್ದನ್ನ ಯಾರೂ ಹಾಕಿಸಲ್ಲ ಸಾಹೇಬ್ರೇ."

ನಾನೂ ಯಜಮಾನರೂ ಮತ್ತೆ ಹತ್ತಿ ಕೂತೆವು. ಕಾವಲುಗಾರ ಅಳೆದ. ಏಳು. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಮೇಸ್ತ್ರಿ ಗಾಡಿ ಕೂತಿರೋದು ಎಲ್ಲರಿಗೂ ಗೊತ್ತು," ಎಂದರು ಇನ್ಸ್‌ಪೆಕ್ಟರಮ್ಮ. "ಅದಕ್ಕೇ ಇವರು ಐದು ಬೆರಳಿನ ನಿಯಮ ಮಾಡಿದ್ರು. ಅನುಮಾನ ದಿನಾ ಅದರ ಮೇಲೇ ಬೀಳ್ಲಿ ಅಂತ. ತಾವು ದಪ್ಪ ಸ್ಪ್ರಿಂಗ್ ಹಾಕಿಸ್ಕೊಂಡು ಇನ್ನೂರು ಕಿಲೋ ಹೊತ್ರೂ ನೆಟ್ಟಗೆ ಹೋದ್ರು. ಆದ್ರೆ ಭಾರ ಇಳಿಸಿದ ಮೇಲೆ ಗಾಡಿ ಏಳುತ್ತೆ ಅನ್ನೋದನ್ನ ಮರೆತ್ರು. ಗಾಡಿನೂ ಒಂದು ಸ್ಪ್ರಿಂಗ್ ತಕ್ಕಡಿನೇ ಯಜಮಾನ್ರೇ. ತಕ್ಕಡಿ ಕಾರ್ಖಾನೆಯಲ್ಲಿ ಯಾರಿಗೂ ಹೊಳೀಲಿಲ್ಲ ನೋಡಿ."

ಬೆಣ್ಣೆ ಕರಗಿತು. ಸಾಹೇಬರ ಮಾವನ ಮನೆಯ ಹಿಂದಿನ ಶೆಡ್ಡಿನಲ್ಲಿ, ಹಳೆಯ ಪರದೆಗಳ ಅಡಿ, ಹತ್ತು ಬಟ್ಟುಗಳೂ ಮಧ್ಯಾಹ್ನದೊಳಗೆ ಸಿಕ್ಕವು. ಕರಗಿಸಿ ಮಾರುವವನು ಮಂಗಳವಾರ ಬರುವವನಿದ್ದನಂತೆ.

* * *

ಯಜಮಾನರು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ತಪ್ಪಾಯ್ತು ಮೇಸ್ತ್ರಿ. ನಿಮ್ಮ ಗಾಡಿಗೆ ಹೊಸ ಸ್ಪ್ರಿಂಗ್ ನಾನೇ ಹಾಕಿಸಿ ಕೊಡ್ತೀನಿ."

ಮೇಸ್ತ್ರಿ ಅಚ್ಚನ್ನು ಅಂಗಿಯ ತೋಳಿಗೆ ಉಜ್ಜಿಕೊಂಡರು. ಕಣ್ಣನ್ನೂ. "ಬೇಡ. ಅದು ಕೂತಿದ್ದಕ್ಕೇ ನಾನಿವತ್ತು ಎದ್ದು ನಿಂತಿದೀನಿ."

"ಹಾಕಿಸಿ ಯಜಮಾನ್ರೇ!" ಎಂದರು ಹೆಂಡತಿ. "ಹಿಂದೆ ಕೂತು ಎಗರಿ ಬೀಳೋಳು ನಾನು. ಇವರಿಗೇನು?"

ನಾನು ವರದಿ ಬರೆಯಲು ಕೂತೆ. ಪರೀಕ್ಷೆಗೆ ಬಳಸಿದ ಭಾರ ಎಂಬಲ್ಲಿ ಅಭ್ಯಾಸಬಲದಿಂದ 'ಹೆಡ್ ಕಾನ್‌ಸ್ಟೇಬಲ್, ಎಂಬತ್ತೈದು ಕಿಲೋ' ಎಂದು ಬರೆದಿದ್ದೆ. ಎದುರಿಗೆ ನನ್ನನ್ನು ತೂಗಿದ ತಕ್ಕಡಿ ಇತ್ತು. ಅದರ ಅಂಚಿನಲ್ಲಿ ಮೇಸ್ತ್ರಿಯ ಮುದ್ರೆ.

ಎಂಬತ್ತೈದನ್ನು ಹೊಡೆದುಹಾಕಿ, ತೊಂಬತ್ತೆರಡು ಎಂದು ಬರೆದೆ.