ಒಂಬತ್ತನೇ ನಂಬರಿನ ಪಟ್ಟಿ

ಮೂರು ಪುಟದ ಪೇಟೆಂಟ್ ಕರಡಿನಲ್ಲಿ ಎಂಜಿನಿಯರನ ಹೆಸರು ಕೊನೆಯ ಪುಟದ ಕೊನೆಯ ಸಾಲಿನಲ್ಲಿತ್ತು: ‘ವಿದ್ಯುತ್ ಸಲಕರಣೆ ನೆರವು’. ಹನ್ನೊಂದು ವರ್ಷದ ದುಡಿಮೆಗೆ ಮೂರೇ ಪದ. ಸುಟ್ಟ ಗಾಯದ ಮೇಲೆ ಅಂಟಿಸಿದರೆ ಚರ್ಮದಂತೆಯೇ ಬಾಗುವ, ನಾಡಿಬಡಿತ, ಮೈಬಿಸಿ, ಅಲುಗಾಟ ಮೂರನ್ನೂ ನಿಮಿಷಕ್ಕೊಮ್ಮೆ ಕಂಪ್ಯೂಟರಿಗೆ ಕಳಿಸುವ ಪಾರದರ್ಶಕ ಪಟ್ಟಿ ಅದು. ಒಳಗಿನ ಇಂಗಾಲದ ಹಾಳೆ, ಅದರ ಮೇಲಿನ ಸರ್ಕ್ಯೂಟು ಅವನದು. ಗಾಯಕ್ಕೆ ತಾಗಿ ಅದನ್ನು ಮಾಯಿಸುವ ಜೆಲ್ ರಸಾಯನ ವಿಭಾಗದ ವಿಜ್ಞಾನಿಯದು. ಕರಡು ಆವಿಷ್ಕಾರವೆಂದು ಕರೆದದ್ದು ಜೆಲ್ಲನ್ನು ಮಾತ್ರ.

“ಅಂಟು ಯಾರು ಬೇಕಾದ್ರೂ ಮಾಡ್ತಾರೆ ಸರ್,” ಎಂದು ಅವನು ಮುಖ್ಯಸ್ಥರ ಕೋಣೆಯಲ್ಲಿ ವಾದಿಸಿದ.

“ಹಾಗಾದ್ರೆ ನಿಮ್ಮ ತಂತಿಗಳನ್ನ ಗಾಯದ ಮೇಲೆ ಮೊಳೆ ಹೊಡೆದು ಕೂರಿಸಿ, ಎಂಜಿನಿಯರ್ ಸಾಹೇಬ್ರೇ,” ಎಂದಳು ಎದುರು ಕೂತಿದ್ದ ಆ ವಿಜ್ಞಾನಿ.

ಮುಖ್ಯಸ್ಥರು ನಕ್ಕುಬಿಟ್ಟರು. ಆ ನಗು ಅವನ ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ತುತ್ತು ಇಳಿಯದು, ಟಿವಿ ಹಾಕಿದರೆ ಚಾನೆಲ್ ನಿಲ್ಲದು. ಮನಸ್ಸಿನಲ್ಲಿ ಅವಳಿಗೆ ಗೋಂದಮ್ಮ ಎಂದು ಹೆಸರಿಟ್ಟ. ಅದರಿಂದಲೂ ಸಮಾಧಾನವಾಗಲಿಲ್ಲ.

ಬುಧವಾರ ಸಮಿತಿ ಸೇರಿ ಕರಡಿಗೆ ಒಪ್ಪಿಗೆ ಕೊಡುವುದಿತ್ತು. ಅಷ್ಟರೊಳಗೆ ಜೆಲ್ ಇಲ್ಲವಾದರೆ? ಹೊಸ ಜೆಲ್ ಮಾಡಬೇಕಾದಾಗಲೆಲ್ಲ ಅವಳು ಏಳು ತಿಂಗಳು ಪಳಗಿಸಿದ ಒಂದು ಜಾಡಿಯಿಂದ ಚಮಚದಷ್ಟು ಹೆಪ್ಪು ತೆಗೆಯುತ್ತಿದ್ದಳು. ಇದ್ದದ್ದು ಒಂದೇ ಜಾಡಿ, ನಾಲ್ಕು ಡಿಗ್ರಿಯ ಫ್ರಿಜ್ಜಿನಲ್ಲಿ. ನಲವತ್ತು ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಗಟ್ಟಿಕಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಆಮೇಲೆ ಸಮಿತಿಗೆ ತೋರಿಸಲು ಉಳಿಯುವುದು ಅವನ ಸರ್ಕ್ಯೂಟು. ಅದನ್ನು ಅಂಟಿಸಲು ಮಾರುಕಟ್ಟೆಯಲ್ಲಿ ಗೋಂದಿಗೆ ಬರವಿಲ್ಲ.

ಬಾಗಿಲಿನ ಸಂಕೇತ ಎಲ್ಲರಿಗೂ ಗೊತ್ತು, ಭಾನುವಾರ ಯಾರೂ ಇರುವುದಿಲ್ಲ. ತೊಂದರೆ ಒಂದೇ: ಏನೇ ಆದರೂ ಮೊದಲ ಬೆರಳು ಅವನತ್ತಲೇ ತಿರುಗುತ್ತದೆ. ಹಾಗಾಗಿ ತಾನು ಬೇರೆಡೆ ಇದ್ದೆ ಎನ್ನಲು ಅವನಿಗೆ ಬಾಯಿಮಾತಲ್ಲ, ಅಂಕಿ ಬೇಕಿತ್ತು. ಅಂಕಿ ಅವನ ಎಡದೋಳಿನ ಮೇಲೇ ಇತ್ತು. ವಾರದ ಹಿಂದೆ ಬೆಸುಗೆ ಹಾಕುವಾಗ ಕೈ ಸುಟ್ಟುಕೊಂಡಿದ್ದ. ಪ್ರಯೋಗಕ್ಕೆ ಜನ ಸಾಲದೆ ಇದ್ದದ್ದರಿಂದ ಅವಳೇ ಪಟ್ಟಿ ಅಂಟಿಸಿ, ಒಂಬತ್ತನೇ ನಂಬರ್ ಕೊಟ್ಟಿದ್ದಳು. ಸೋಮವಾರ ಅದನ್ನು ಬದಲಿಸಬೇಕಿತ್ತು.

ಭಾನುವಾರ ಹೆಂಡತಿ ಗೆಳತಿಯ ಮನೆಗೆ ಹೋಗಿದ್ದಳು. ಅವಳ ಅಣ್ಣ, ನಿವೃತ್ತ ಬಸ್ ಚಾಲಕ, ವಾಡಿಕೆಯಂತೆ ಊಟಕ್ಕೆ ಬಂದಿದ್ದ.

“ಇಲ್ಲೇ ಸೋಫಾದ ಮೇಲೆ ಒರಗ್ತೀನಪ್ಪ,” ಎಂದ ಕೈ ಒರೆಸಿಕೊಳ್ಳುತ್ತ.

“ಟಿವಿ ಸಣ್ಣಗೆ ಇಡ್ಲಾ ಭಾವ?”

“ಮೂವತ್ತು ವರ್ಷ ಹಾರ್ನ್ ಕೇಳಿ ಕಿವಿ ಸತ್ತುಹೋಗಿದೆ ಕಣಯ್ಯಾ. ಛಾವಣಿ ಬಿದ್ರೂ ಐದು ಗಂಟೆಗೇ ಎಬ್ಬಿಸು.”

ಎರಡು ಗಂಟೆಗೆ ಗೊರಕೆ ಶುರುವಾಯಿತು. ನಿದ್ದೆಯಲ್ಲಿ ಭಾವನ ನಾಡಿ ಅರವತ್ತೆರಡು, ತನ್ನದು ಅರವತ್ತನಾಲ್ಕು. ಹಿಂದಿನ ಭಾನುವಾರವೇ ಅಳೆದಿದ್ದ. ಪಟ್ಟಿಯ ಅಂಚಿಗೆ ಉಪ್ಪುನೀರು ಬಿಟ್ಟು, ಎರಡು ಓದುಗಳ ನಡುವಿನ ನಿಮಿಷದಲ್ಲಿ ಅದನ್ನು ತನ್ನ ತೋಳಿನಿಂದ ಎಬ್ಬಿಸಿ ಭಾವನ ತೋಳಿಗೆ ಒತ್ತಿದ. ಫೋನಿನಲ್ಲಿ ಗೆರೆ ಎಲ್ಲೂ ತುಂಡಾಗಲಿಲ್ಲ. ಒಂಬತ್ತನೇ ನಂಬರಿನ ಮನುಷ್ಯ ಹಾಯಾಗಿ ಮಲಗಿದ್ದ.

ಪ್ರಯೋಗಾಲಯದಲ್ಲಿ ಕೆಲಸ ಎಣಿಸಿದಂತೆಯೇ ನಡೆಯಿತು. ಫ್ರಿಜ್ಜಿನ ತಾಪ ದಾಖಲಿಸುವ ಯಂತ್ರ ಅವನೇ ಕೂರಿಸಿದ್ದು. ಬಾಗಿಲು ತೆರೆದದ್ದು ದಾಖಲಾಗದಂತೆ ಅದರ ಫ್ಯೂಸ್ ಸಡಿಲಿಸಿದ. ಫ್ರಿಜ್ಜಿನ ಗುಂಡಿ ನಲವತ್ತಕ್ಕೆ ಮುಟ್ಟುವುದಿಲ್ಲವೆಂದು ಜಾಡಿಯನ್ನೇ ಬಿಸಿನೀರಿನ ತೊಟ್ಟಿಯಲ್ಲಿಟ್ಟ. ಆ ಒಂದು ಗಂಟೆ ಅವನಿಗೆ ಕೂರಲಾಗಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡಿದ, ಗಡಿಯಾರ ನಿಂತಿದೆಯೇನೋ ಎಂದು ಕಿವಿಗಿಟ್ಟು ನೋಡಿದ. ಕೊನೆಗೆ ಜಾಡಿ ಓರೆಮಾಡಿದಾಗ ಒಳಗಿನದು ಅಲುಗಲಿಲ್ಲ. ಒರೆಸಿ, ಇದ್ದಲ್ಲೇ ಇಟ್ಟು, ಫ್ಯೂಸ್ ಬಿಗಿಮಾಡಿ ಹೊರಬಿದ್ದ.

ನಾಲ್ಕೂಕಾಲಿಗೆ ಮನೆ ಸೇರಿದಾಗಲೂ ಗೊರಕೆ ನಡೆದೇ ಇತ್ತು. ಪಟ್ಟಿ ಕಿತ್ತಾಗ ಭಾವ “ಸೊಳ್ಳೆ” ಎಂದು ಗೊಣಗಿ, ತೋಳು ತುರಿಸಿಕೊಂಡು ಮಗ್ಗುಲಾದ. ಎಂಜಿನಿಯರನ ಕಣ್ಣು ಫೋನಿನ ಗೆರೆ ಬಿಟ್ಟು ಅಲುಗಲಿಲ್ಲ. ಪಟ್ಟಿ ಮತ್ತೆ ಅವನ ಗಾಯದ ಮೇಲೆ ಕೂತಿತು. ಗೆರೆ ಹಾಗೆಯೇ ಸಾಗಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಜಾಡಿಯ ಮುಂದೆ ಎಲ್ಲರೂ ಸೇರಿದ್ದರು. ಅವಳ ಮುಖ ಬಿಳುಚಿತ್ತು. ಫ್ರಿಜ್ಜಿನ ತಾಪದ ದಾಖಲೆಯಲ್ಲಿ ಭಾನುವಾರ ಮಧ್ಯಾಹ್ನದ ಒಂದು ಗಂಟೆಗೂ ಹೆಚ್ಚು ಹೊತ್ತು ಖಾಲಿಯಿತ್ತು.

“ನಿನ್ನೆ ಮಧ್ಯಾಹ್ನ ನೀವೆಲ್ಲಿದ್ರಿ?” ಮುಖ್ಯಸ್ಥರು ಅವನನ್ನೇ ಮೊದಲು ಕೇಳಿದರು.

“ಮಲಗಿದ್ದೆ ಸರ್. ನನ್ನ ಮಾತು ಯಾಕೆ, ಪರದೆಯಲ್ಲೇ ಇದೆಯಲ್ಲ.”

ಮುಖ್ಯಸ್ಥರು ನೋಡಿದರು. ಎರಡರಿಂದ ನಾಲ್ಕೂಕಾಲರವರೆಗೆ ನಿದ್ದೆಯ ನಾಡಿ. “ಕ್ಷಮಿಸಿ,” ಎಂದರು. “ಕೇಳಲೇಬೇಕಿತ್ತು.”

“ಪರವಾಗಿಲ್ಲ ಸರ್,” ಎಂದ ದೊಡ್ಡ ಮನಸ್ಸಿನವನ ಹಾಗೆ. ಎಷ್ಟೋ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಜೆಲ್ ಹಾಳಾದರೂ ಸೋಮವಾರದ ಕೆಲಸ ನಿಲ್ಲುವಂತಿರಲಿಲ್ಲ. ಅವಳು ಕೈಗವಸು ಹಾಕಿಕೊಂಡು ಅವನ ಪಟ್ಟಿ ಬಿಡಿಸಿ ದೀಪಕ್ಕೆ ಹಿಡಿದಳು. ಹಿಡಿದವಳು ಇಳಿಸಲೇ ಇಲ್ಲ. ಅವನೂ ಕತ್ತೆತ್ತಿ ನೋಡಿದ. ಪಾರದರ್ಶಕ ಜೆಲ್ಲಿನಲ್ಲಿ ಬುಡಸಮೇತ ಅಂಟಿಕೊಂಡಿದ್ದವು ಮೂರು ಕೂದಲು, ಒಂದೊಂದೂ ಬೆರಳಗಲ ಉದ್ದ, ಮೂರೂ ಬೆಳ್ಳಗೆ. “ಸರ್, ಒಂದ್ನಿಮಿಷ ಬನ್ನಿ,” ಎಂದು ಅವಳು ಮುಖ್ಯಸ್ಥರನ್ನು ಕರೆದಳು. “ನನ್ನ ಅಂಟು ಕೂದಲು ಸಿಕ್ಕಿದ್ರೆ ಬಿಡೋದಿಲ್ಲ, ಅದಕ್ಕೇ ಪಟ್ಟಿ ಹಾಕೋ ಮೊದಲು ಎಲ್ಲರ ತೋಳನ್ನೂ ನಾನೇ ನುಣ್ಣಗೆ ಬೋಳಿಸ್ತೀನಿ. ಇವರದನ್ನೂ ಬೋಳಿಸಿದ್ದೆ. ಈಗ ಇವರನ್ನೇ ಕೇಳಿ, ನಿನ್ನೆ ಮಧ್ಯಾಹ್ನ ಮಲಗಿದ್ದೋರು ಯಾರು ಅಂತ.”