ಗುಟ್ಟು ಕಾಯುವ ಡಾಕ್ಟರು

ಹೆರಿಗೆ ವಾರ್ಡಿನ ಹಿಂದಿನ ವರ್ಷದ ದಾಖಲೆಗಳೆಲ್ಲ ಸಂಶೋಧನೆಗೆ ಬೇಕೆಂದು ಬ್ಲಾಂಟೈರ್ ನಗರದಿಂದ ಬಂದ ಸಂಶೋಧಕಿ ಅತುಪೆಲೆ ಕೇಳಿದಾಗ ಡಾಕ್ಟರ್ ಚಿಮಾಂಗೊಗೆ ನೆನಪಾದದ್ದು ಒಂದೇ ಹೆಸರು: ಲವ್‌ನೆಸ್. ಸರೋವರದ ದಂಡೆಯಲ್ಲಿ ಒಣಮೀನು ಮಾರುತ್ತಿದ್ದವಳು. ಹೆರಿಗೆಯ ಬೆನ್ನಿಗೇ ರಕ್ತ ನಿಲ್ಲದೆ ಸತ್ತಳು. ನರ್ಸ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾಗ ಅವನು ಡ್ಯೂಟಿ ಬಿಟ್ಟು ಗುಡ್ಡದಾಚೆಯ ತನ್ನ ಖಾಸಗಿ ಕ್ಲಿನಿಕ್ಕಿನಲ್ಲಿದ್ದ. ‘ಡ್ರಿಪ್ ಹಾಕಿರಿ, ಬಂದೆ’ ಎಂದವನು ಬರುವಷ್ಟರಲ್ಲಿ ಹೆಣಕ್ಕೆ ಬಟ್ಟೆ ಹೊದಿಸಿದ್ದರು. ತಡವಾಗಿ ಕರೆತಂದಿರಿ ಎಂದು ಮನೆಯವರಿಗೇ ಬೈದು ಕಳಿಸಿದ್ದ. ಅವರು ನಂಬಿದ್ದರು. ನರ್ಸ್ ಬರೆದಿಟ್ಟ ನಿಜವನ್ನು ಯಾರೂ ಓದಿರಲಿಲ್ಲ. ಈ ಹುಡುಗಿ ಓದುತ್ತಾಳೆ. ಓದುವುದೇ ಅವಳ ಕೆಲಸ.

ಕೊಡುವುದಿಲ್ಲ ಎಂದರೆ ಅನುಮಾನ, ಕೊಟ್ಟರೆ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಯೋಚಿಸಿ ಯೋಚಿಸಿ ಅವನು ರೋಗಿಗಳ ಗುಟ್ಟು ಕಾಯುವವನಾದ.

ಸಿಬ್ಬಂದಿಯ ಸಭೆ ಕರೆದ. ದಾಖಲೆ ಕೊಡಲು ನರ್ಸ್‌ಗಳಿಗೆ ಮೊದಲೇ ಮನಸ್ಸಿರಲಿಲ್ಲ. ಹಿಂದೊಮ್ಮೆ ಬಂದ ಸಂಶೋಧಕರ ತಂಡ ಕ್ಷಯವಿದ್ದ ಹೆಂಗಸಿನ ಫೋಟೊವನ್ನು ಪೋಸ್ಟರಿಗೆ ಹಾಕಿ, ಸಂತೆಯಲ್ಲಿ ಅವಳ ಹತ್ತಿರ ಯಾರೂ ಟೊಮೇಟೊ ಕೊಳ್ಳದ ಹಾಗೆ ಮಾಡಿತ್ತು. ಮಾಹಿತಿ ಕೊಟ್ಟರೆ ನಾಳೆ ಇನ್ನೊಬ್ಬ ತಾಯಿ ಉಳಿದಾಳು ಎಂದು ಕಿರಿಯ ನರ್ಸ್ ಒಬ್ಬಳು ಮೆಲ್ಲಗೆ ಹೇಳಿದಳು. ಮೇಟ್ರನ್ ತಾವೊಂಗಾ ಅವಳನ್ನು ಅಲ್ಲೇ ತಡೆದರು.

“ನಮ್ಮೋರ ಸಂಕಟ ಬರ್ಕೊಂಡು ಹೋಗ್ತಾರಮ್ಮ. ಆಮೇಲೆ ಈ ಕಡೆ ತಲೆ ಹಾಕಿನೂ ಮಲಗಲ್ಲ.”

ಚಿಮಾಂಗೊಗೆ ಬೇಕಾದದ್ದು ಅದೇ ಸಿಟ್ಟು. ಅದು ಕಾವೇರುವವರೆಗೆ ಕಾದು, ಆಮೇಲೆ ತಣ್ಣಗೆ ನಡುವೆ ಬಂದ. ಹೆಸರು, ಊರು ಎಲ್ಲವನ್ನೂ ತಾನೇ ಕೂತು ತೆಗೆದು, ಬರೀ ನಂಬರುಗಳನ್ನು ಉಳಿಸಿ ಕೊಡುವುದಾಗಿ ಹೇಳಿದ. ಅಷ್ಟು ದೊಡ್ಡ ಡಾಕ್ಟರು ಗುಮಾಸ್ತನ ಕೆಲಸ ಮೈಮೇಲೆ ಹಾಕಿಕೊಂಡದ್ದು ಕಂಡು ಮೇಟ್ರನ್ ತಾವೇ ಕಡತಗಳ ಬೀರುವಿನ ಕೀಲಿ ತಂದು ಅವನ ಕೈಗಿಟ್ಟರು.

ಹಾಡಹಗಲಲ್ಲಿ, ಬಾಗಿಲು ತೆರೆದಿಟ್ಟೇ ಅವನು ಲವ್‌ನೆಸ್‌ಳನ್ನು ಅಳಿಸಿದ. ಕಂಪ್ಯೂಟರಿನಿಂದ ತೆಗೆದ, ಸಾವುಗಳ ಲೆಕ್ಕದಿಂದಲೂ ತೆಗೆದ. ಅವಳ ಕಾಗದಗಳು ರಕ್ತದ ಹತ್ತಿಯ ಜೊತೆ ಆಸ್ಪತ್ರೆಯ ಹಿಂದಿನ ಗುಂಡಿಯಲ್ಲಿ ಉರಿದು ಬೂದಿಯಾದವು. ಫೋನ್ ಮಾಡಿದ್ದ ನರ್ಸ್‌ಗೆ ತಾನೇ ಶಿಫಾರಸು ಮಾಡಿ, ಬಡ್ತಿ ಕೊಡಿಸಿ ದೂರದೂರಿಗೆ ಕಳಿಸಿಯಾಗಿತ್ತು. ಅವಳು ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದಳು. ಆ ಮಧ್ಯಾಹ್ನ ಅವನು ಎನ್ಸಿಮಾ ಮುದ್ದೆ, ಹುರಿದ ಮೀನು ತರಿಸಿ ಹೊಟ್ಟೆ ತುಂಬ ಉಂಡ.

ಮಳೆಗಾಲ ಮುಗಿದ ಮೇಲೆ ಅತುಪೆಲೆ ಮತ್ತೆ ಬಂದಳು. ಮೇಟ್ರನ್ನರನ್ನೂ ಕೂರಿಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಮಕ್ಕಳ ಲಸಿಕೆ ವಿಭಾಗದವರೂ ಹೆಸರು ತೆಗೆದು ತಮ್ಮ ಮಾಹಿತಿ ಕೊಟ್ಟಿದ್ದರಂತೆ. ಒಂದೊಂದೇ ಮಗುವಿನ ನಂಬರನ್ನು ತಾಯಿಯ ನಂಬರಿಗೆ ಜೋಡಿಸುತ್ತಾ ಬಂದಳಂತೆ.

“ಎಲ್ಲಾ ಹೊಂದ್ತು ಡಾಕ್ಟ್ರೇ. ಒಂದು ಹೆಣ್ಣುಮಗು ಮಾತ್ರ ಉಳ್ಕೊಂಡ್ತು. ನಿಮ್ಮ ವಾರ್ಡಲ್ಲೇ ಹುಟ್ಟಿದೆ. ಆದ್ರೆ ನೀವು ಕೊಟ್ಟ ಲೆಕ್ಕದ ಪ್ರಕಾರ ಹೆತ್ತವಳು ಇಲ್ಲಿಗೆ ಬಂದೇ ಇಲ್ಲ. ಹೆಂಗಿದು?”

ಅವನು ಬಾಯಿ ತೆರೆಯುವ ಮೊದಲೇ ಹುಟ್ಟಿದ ದಿನ ನೋಡಿದ ಮೇಟ್ರನ್, “ಅಯ್ಯೋ, ಇದು ಲವ್‌ನೆಸ್ ಕೂಸಲ್ವಾ?” ಎಂದರು. “ಅಜ್ಜಿ ಬೆನ್ನಿಗೆ ಕಟ್ಕೊಂಡು ತಪ್ಪದೆ ತರ್ತಾಳೆ. ಇವತ್ತೂ ಬಂದಿದ್ದಾಳೆ, ಹೊರಗೆ ಕೂತಿದ್ದಾಳೆ.” ಆಮೇಲೆ ಅವರ ಕಣ್ಣು ನಿಧಾನವಾಗಿ ಡಾಕ್ಟರನ ಕಡೆ ತಿರುಗಿತು. ಸಾವಿಗೆ ಸಂಬಂಧಪಟ್ಟದ್ದನ್ನೆಲ್ಲ ಚಿಮಾಂಗೊ ಅಳಿಸಿದ್ದ. ಅಂದು ಆ ಹಾಸಿಗೆಯ ಮೇಲೆ ಒಂದು ಮಗುವೂ ಹುಟ್ಟಿತ್ತು. ಅದು ಏನಾಯಿತೆಂದು ಅವನು ಈವರೆಗೆ ಯಾರನ್ನೂ ಕೇಳಿರಲಿಲ್ಲ.